ಕೊಲೆ ಪ್ರಮಾಣದ ಪಟ್ಟಿ ಮತ್ತು ಪಟ್ಟಿಗೆ ಸಿಗದ ಸಾವುಗಳು: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಗೃಹ ಸಚಿವರಿಗೆ,
ಹಾಗೂ ರಾಜ್ಯ ಅಪರಾಧ ದಾಖಲೆಗಳ ಬ್ಯೂರೋದ ಮುಖ್ಯಸ್ಥರಿಗೆ

ವಿಷಯ: ರಾಜ್ಯ, ಜಿಲ್ಲೆ ಮತ್ತು ನಗರಗಳ ಕೊಲೆ ಪ್ರಮಾಣವನ್ನು ಎಣಿಸುವ, ಹೋಲಿಸುವ ಮತ್ತು ಪ್ರಕಟಿಸುವ ರೀತಿ ಬದಲಿಸುವ ಬಗ್ಗೆ ಮನವಿ

ಮಾನ್ಯರೇ,

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ವಾರ್ಷಿಕ ವರದಿ ಹೊರಬಿದ್ದ ಮರುದಿನ ಪತ್ರಿಕೆಗಳಲ್ಲಿ ಒಂದೇ ಬಗೆಯ ತಲೆಬರಹ: ಕೊಲೆಯಲ್ಲಿ ಇಂಥ ರಾಜ್ಯ ಮೊದಲು, ಇಂಥ ನಗರ ಎರಡನೆಯದು. ಸದನದಲ್ಲಿ ವಿರೋಧ ಪಕ್ಷದವರು ಆ ಪಟ್ಟಿಯ ಒಂದು ಕಾಲಂ ಹಿಡಿದು ಪ್ರಶ್ನೆ ಕೇಳುತ್ತಾರೆ, ಆಡಳಿತ ಪಕ್ಷದವರು ಅದೇ ಪಟ್ಟಿಯ ಪಕ್ಕದ ಕಾಲಂ ತೋರಿಸಿ ಉತ್ತರ ಕೊಡುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ತೊಂದರೆ ಇರುವುದೇ ಅಲ್ಲಿ. 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣ ದಾಖಲಾದವು. ಅದರಲ್ಲಿ ಉತ್ತರ ಪ್ರದೇಶದ್ದು 3,491, ಎಲ್ಲರಿಗಿಂತ ಹೆಚ್ಚು. ಆದರೆ ಲಕ್ಷ ಜನಸಂಖ್ಯೆಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಅದೇ ರಾಜ್ಯದ ಪ್ರಮಾಣ 1.5, ದೇಶದ ಸರಾಸರಿ 2.1. ಜಾರ್ಖಂಡ್‌ನದ್ದು 4.0, ಹರಿಯಾಣದ್ದು 3.4, ಕೇರಳದ್ದು 1ರ ಆಸುಪಾಸು. ಒಂದೇ ಕಾನೂನು ನಡೆಯುವ ಒಂದೇ ದೇಶದೊಳಗೆ ನಾಲ್ಕು ಪಟ್ಟು ಅಂತರ.

ಈ ಅಂತರದಲ್ಲಿ ಬಹುಪಾಲು ನಿಜವಾದದ್ದು ಎಂದೇ ನಾವು ನಂಬುತ್ತೇವೆ. ಕಳ್ಳತನ, ಹಲ್ಲೆಯಂಥ ಅಪರಾಧಗಳ ಅಂಕಿ ಠಾಣೆಗಳು ಎಷ್ಟು ದೂರು ಬರೆದುಕೊಳ್ಳುತ್ತವೆ ಎಂಬುದರ ಅಳತೆಯೇ ಹೊರತು ಎಷ್ಟು ಅಪರಾಧ ನಡೆಯಿತು ಎಂಬುದರದ್ದಲ್ಲ. ಕೇರಳ ಒಟ್ಟು ಅಪರಾಧ ಪ್ರಮಾಣದಲ್ಲಿ ಮೇಲೆ, ಕೊಲೆಯಲ್ಲಿ ಕೆಳಗೆ ಇರುವುದೇ ಇದಕ್ಕೆ ಸಾಕ್ಷಿ. ಕೊಲೆಯ ಅಂಕಿ ಹಾಗಲ್ಲ, ಅಲ್ಲಿ ಶವವೊಂದು ಇರುತ್ತದೆ. ಹೀಗಾಗಿಯೇ ಪ್ರದೇಶ ಪ್ರದೇಶಗಳನ್ನು ಹೋಲಿಸಲು ಜಗತ್ತೆಲ್ಲ ಕೊಲೆಯ ಅಂಕಿಯನ್ನೇ ನೆಚ್ಚಿಕೊಂಡಿದೆ. ಆದರೆ ಆ ನಂಬಿಕೆ ಉಳಿಯಬೇಕಾದರೆ ಅಂಶ (ಕೊಲೆಗಳ ಎಣಿಕೆ) ಮತ್ತು ಛೇದ (ಜನಸಂಖ್ಯೆ) ಎರಡೂ ಗಟ್ಟಿಯಾಗಿರಬೇಕು. ನಮ್ಮಲ್ಲಿ ಎರಡೂ ಸಡಿಲ. ಪೊಲೀಸ್ ವ್ಯವಸ್ಥೆ ಸಂವಿಧಾನದ ಪ್ರಕಾರ ರಾಜ್ಯದ ವಿಷಯ. ಆದ್ದರಿಂದ ದೆಹಲಿಯತ್ತ ನೋಡದೆ ಕರ್ನಾಟಕವೇ ಸರಿಪಡಿಸಬಹುದಾದ ಸಂಗತಿಗಳನ್ನು ತಮ್ಮ ಮುಂದಿಡುತ್ತಿದ್ದೇವೆ.

ಮೊದಲು ಅಂಶದ ಮಾತು. ಕೊಲೆ ಎಂದು ಎಣಿಕೆಯಾಗುವುದು ಹಿಂದಿನ ಐಪಿಸಿ ಕಲಂ 302, ಈಗಿನ ಭಾರತೀಯ ನ್ಯಾಯ ಸಂಹಿತೆಯ ಕಲಂ 103. ಕೊಲೆಯಲ್ಲದ ದಂಡನೀಯ ನರಹತ್ಯೆ 304ರಿಂದ 105ಕ್ಕೆ, ವರದಕ್ಷಿಣೆ ಸಾವು 304-ಬಿಯಿಂದ 80ಕ್ಕೆ ಬಂದಿವೆ. ಇವೆರಡೂ ಪಟ್ಟಿಯಲ್ಲಿ ಬೇರೆ ಬೇರೆ ಸಾಲು. ಜಗಳದಲ್ಲಿ ದೊಣ್ಣೆ ಪೆಟ್ಟು ಬಿದ್ದು ಒಬ್ಬ ಸತ್ತರೆ ಅದು 103ಕ್ಕೆ ಹೋಗುತ್ತದೋ 105ಕ್ಕೋ ಎಂಬುದು ಆ ಹೊತ್ತಿಗೆ ಠಾಣೆಯಲ್ಲಿ ಇರುವವರ ತೀರ್ಮಾನ. ಮುಂದೆ ನ್ಯಾಯಾಲಯ ಬೇರೆ ಕಲಂನಡಿ ಶಿಕ್ಷೆ ಕೊಟ್ಟರೂ ಆ ವರ್ಷದ ಪಟ್ಟಿ ತಿದ್ದುಪಡಿಯಾಗುವುದಿಲ್ಲ. ಅಂದರೆ ನಾವು ಹೋಲಿಸುತ್ತಿರುವುದು ಪೊಲೀಸರ ಮೊದಲ ಅಭಿಪ್ರಾಯಗಳನ್ನು.

ವರದಕ್ಷಿಣೆ ಸಾವಿನ ಸಾಲು ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ. 2022ರಲ್ಲಿ ದೇಶದಲ್ಲಿ ಇಂಥ ಸಾವುಗಳು 6 ಸಾವಿರ ಮೀರಿದ್ದವು. ಉತ್ತರ ಪ್ರದೇಶ ಒಂದರಲ್ಲೇ 2,100ಕ್ಕೂ ಹೆಚ್ಚು. ಇವನ್ನು ಕೊಲೆಗಳ ಜೊತೆ ಕೂಡಿಸಿದರೆ ಆ ರಾಜ್ಯದ ಪ್ರಮಾಣ 1.5ರಿಂದ ಸುಮಾರು 2.4ಕ್ಕೆ ಜಿಗಿಯುತ್ತದೆ. ದೇಶದ ಸರಾಸರಿಯೂ 2.1ರಿಂದ 2.5ರ ಸುಮಾರಿಗೆ ಏರುತ್ತದೆ ನಿಜ, ಆದರೆ ಸರಾಸರಿಗಿಂತ ಬಹಳ ಕೆಳಗಿದ್ದ ರಾಜ್ಯ ಅದರ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಹಾಗೆಂದು ಕಣ್ಣುಮುಚ್ಚಿ ಕೂಡಿಸಿ ಎಂದು ನಾವು ಹೇಳುತ್ತಿಲ್ಲ. ಮದುವೆಯಾದ ಏಳು ವರ್ಷದೊಳಗೆ, ಸಾವಿಗೆ ಸ್ವಲ್ಪ ಮೊದಲು ವರದಕ್ಷಿಣೆ ಕಿರುಕುಳ ಇದ್ದು, ಸುಟ್ಟ ಗಾಯ ಅಥವಾ ಅಸಹಜ ಕಾರಣದಿಂದ ಹೆಣ್ಣುಮಗಳು ಸತ್ತರೆ ಆ ಕಲಂ ಅನ್ವಯ. ಆತ್ಮಹತ್ಯೆಗಳೂ ಅದರೊಳಗೆ ಬರುತ್ತವೆ. ವರದಕ್ಷಿಣೆ ಸಾವಿನ ಪ್ರಕರಣಗಳಲ್ಲಿ ಸಾಮಾನ್ಯವಾಗಿ 302 ಕೂಡ ಸೇರಿಸಿ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯಗಳಿಗೆ ಹೇಳಿತು. ಯಾಂತ್ರಿಕವಾಗಿ ಅಲ್ಲ, ಸಾಕ್ಷ್ಯ ಇದ್ದಾಗ ಮಾತ್ರ ಎಂದು 2013ರಲ್ಲಿ ಸ್ಪಷ್ಟಪಡಿಸಿತು. ನಮ್ಮ ಬೇಡಿಕೆ ಇಷ್ಟೇ: ಜಿಲ್ಲಾವಾರು ಪಟ್ಟಿಯಲ್ಲಿ ಮೂರೂ ಕಲಂಗಳ ಅಂಕಿ ಪಕ್ಕಪಕ್ಕದಲ್ಲೇ ಇರಲಿ. ಓದುವವರು ಕೂಡಿಸಿಯೂ ನೋಡಲಿ, ಬಿಡಿಸಿಯೂ ನೋಡಲಿ.

ಇದಕ್ಕಿಂತ ದೊಡ್ಡ ಸೋರಿಕೆ ಯುಡಿಆರ್ ಎಂಬ ಅಸಹಜ ಸಾವಿನ ವರದಿಗಳಲ್ಲಿದೆ. ಬಾವಿಯಲ್ಲಿ, ಕೆರೆಯಲ್ಲಿ, ಹಗ್ಗದಲ್ಲಿ, ರೈಲ್ವೆ ಹಳಿ ಮೇಲೆ ಶವ ಸಿಕ್ಕಾಗ ಠಾಣೆಯಲ್ಲಿ ತೆರೆಯುವುದು ಈ ವರದಿಯನ್ನೇ; ಹಿಂದೆ ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಲಂ 174, ಈಗ ಅದರ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಅದಕ್ಕೆ ಯುಡಿಆರ್ ನಂಬರ್ ಬೀಳುತ್ತದೆ, ಅಪರಾಧ ಸಂಖ್ಯೆ ಬೀಳುವುದಿಲ್ಲ. ಶವಪಂಚನಾಮೆ ಆಗುತ್ತದೆ, ಶವ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿ ಮರಣೋತ್ತರ ಪರೀಕ್ಷೆ ಮಾಡುವವರು ಬಹುತೇಕ ಕಡೆ ವಿಧಿವಿಜ್ಞಾನ ಓದಿದವರಲ್ಲ, ಹೊರರೋಗಿಗಳನ್ನು ನೋಡಿ ಮುಗಿಸಿ ಬಂದ ವೈದ್ಯಾಧಿಕಾರಿ.

ಅವರ ಮುಂದಿರುವ ಕೆಲಸ ಸಣ್ಣದಲ್ಲ. ನೇಣಿನ ಗುರುತು ಸಾಮಾನ್ಯವಾಗಿ ಗಂಟಲಿನ ಮೇಲ್ಭಾಗದಲ್ಲಿ, ಓರೆಯಾಗಿ, ಗಂಟು ಇದ್ದ ಕಡೆ ಕಡಿದುಹೋಗಿರುತ್ತದೆ. ಹಗ್ಗದಿಂದ ಬಿಗಿದು ಕೊಂದಿದ್ದರೆ ಗುರುತು ಕೆಳಗೆ, ಅಡ್ಡಡ್ಡಲಾಗಿ, ಕತ್ತಿನ ಸುತ್ತ ಪೂರ್ತಿ ಇರುತ್ತದೆ. ಕೊಂದು ನೇತುಹಾಕಿದ್ದರೆ ಎರಡೂ ಸಿಗಬಹುದು. ಸುಟ್ಟ ದೇಹದಲ್ಲಿ ಶ್ವಾಸನಾಳದೊಳಗೆ ಮಸಿ ಇದೆಯೇ ಎಂದು ಸೀಳಿ ನೋಡಬೇಕು. ಇದ್ದರೆ ಬೆಂಕಿ ಹೊತ್ತುವಾಗ ಉಸಿರಿತ್ತು ಎಂದರ್ಥ. ನೀರಿನಲ್ಲಿ ಮೂರು ದಿನ ಇದ್ದ ಶವದಲ್ಲಿ ಇಂಥ ಕುರುಹುಗಳೇ ಅಳಿದಿರುತ್ತವೆ. ಆಗ ವೈದ್ಯರು ಒಳಾಂಗಗಳ ಮಾದರಿ ತೆಗೆದು, 'ಅಂತಿಮ ಅಭಿಪ್ರಾಯ ಕಾಯ್ದಿರಿಸಿದೆ' ಎಂದು ಬರೆದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸುತ್ತಾರೆ. ವಿಷ ಪರೀಕ್ಷೆಗೆ ಹೋಗುವ ಮಾದರಿಯನ್ನು ಗಟ್ಟಿ ಉಪ್ಪಿನ ದ್ರಾವಣದಲ್ಲಿ ಇಡಬೇಕು. ಯಾರೋ ಕೈಗೆ ಸಿಕ್ಕ ಫಾರ್ಮಲಿನ್ ಸುರಿದರೆ ಹಲವು ವಿಷಗಳ ಪತ್ತೆ ಕಷ್ಟವಾಗುತ್ತದೆ. ಎಫ್‌ಎಸ್‌ಎಲ್ ವರದಿ ಬರಲು ತಿಂಗಳುಗಳು. ಬಂದಾಗ ತನಿಖಾಧಿಕಾರಿ ವರ್ಗವಾಗಿರುತ್ತಾರೆ, ಸ್ಟೇಷನ್ ರೈಟರ್ ಅದನ್ನು ಕಡತಕ್ಕೆ ಸೇರಿಸುತ್ತಾರೆ. ಅದನ್ನು ಓದಿ ಯುಡಿಆರ್ ಅನ್ನು ಕೊಲೆ ಪ್ರಕರಣವಾಗಿ ಬದಲಿಸಬೇಕು ಎಂದು ನೆನಪಿಸಲು ಯಾವ ವ್ಯವಸ್ಥೆಯೂ ಇಲ್ಲ.

ಹೊಸ ಕಾನೂನು ಇಲ್ಲೊಂದು ವಿಚಿತ್ರ ಸ್ಥಿತಿ ತಂದಿಟ್ಟಿದೆ. ನಾಗರಿಕ ಸುರಕ್ಷಾ ಸಂಹಿತೆಯ 176(3)ರ ಪ್ರಕಾರ ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧದ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಹೋಗಬೇಕು. ರಾಜ್ಯಗಳು ಇದನ್ನು ಐದು ವರ್ಷದೊಳಗೆ ಜಾರಿಗೆ ತರಬೇಕು. ಬಹಳ ಒಳ್ಳೆಯ ನಿಯಮ. ಆದರೆ ಅದು ಅನ್ವಯವಾಗುವುದು ಅಪರಾಧದ ಮಾಹಿತಿ ಬಂದಾಗ. ಯುಡಿಆರ್ ಅಪರಾಧವಲ್ಲ! ಕೊಲೆಯೋ ಅಲ್ಲವೋ ಎಂಬ ಅನುಮಾನ ಇರುವ ಸಾವಿಗೇ ತಜ್ಞರು ಬೇಕು, ಆ ಸಾವಿಗೇ ಅವರು ಬರಬೇಕಾದ ಕಡ್ಡಾಯ ಇಲ್ಲ. ಒಂದು ಜಿಲ್ಲೆಯಲ್ಲಿ ಅನುಭವಿ ವಿಧಿವಿಜ್ಞಾನ ವೈದ್ಯರಿದ್ದು, ಪಕ್ಕದ ಜಿಲ್ಲೆಯಲ್ಲಿ ಇಲ್ಲದಿದ್ದರೆ ಮೊದಲನೆಯ ಜಿಲ್ಲೆ ಹೆಚ್ಚು ಹಿಂಸಾತ್ಮಕವಾಗಿ ಕಾಣುತ್ತದೆ. ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಸಿಗುವ ಬಹುಮಾನ ಕೆಟ್ಟ ಹೆಸರು.

ಹೀಗೇ ಸೋರುವ ಇನ್ನೊಂದು ಜಾಗ ಆಸ್ಪತ್ರೆ. ಇರಿತಕ್ಕೊಳಗಾದವನ ಮೇಲಿನ ದಾಳಿ ಕೊಲೆ ಯತ್ನ ಎಂದು, ಹಿಂದಿನ 307, ಈಗಿನ 109ರಡಿ ದಾಖಲಾಗುತ್ತದೆ. ಹದಿನೈದು ದಿನದ ಮೇಲೆ ಅವನು ಬೇರೆ ಜಿಲ್ಲೆಯ ಬೋಧನಾ ಆಸ್ಪತ್ರೆಯಲ್ಲಿ ಸತ್ತರೆ, ಆ ಸುದ್ದಿ ಮೂಲ ಠಾಣೆಗೆ ಬಂದು, ಅಲ್ಲಿಂದ ಕಲಂ ಬದಲಾವಣೆಗೆ ನ್ಯಾಯಾಲಯಕ್ಕೆ ವರದಿ ಹೋಗಬೇಕು. ಬಹಳಷ್ಟು ಸಲ ಅದು ಆಗುತ್ತದೆ. ಆದರೆ ವರ್ಷಾಂತ್ಯದ ಲೆಕ್ಕ ಮುಗಿದ ಮೇಲೆ ಆದರೆ ಹಳೆಯ ಪಟ್ಟಿಯಲ್ಲಿ ಅದು ಯತ್ನವಾಗಿಯೇ ಉಳಿಯುತ್ತದೆ. ಎನ್‌ಸಿಆರ್‌ಬಿ ಎಣಿಸುವುದು ಪ್ರಕರಣ ದಾಖಲಾದ ವರ್ಷವನ್ನು, ಸತ್ತ ವರ್ಷವನ್ನಲ್ಲ. ಒಂದೇ ಎಫ್‌ಐಆರ್‌ನಲ್ಲಿ ನಾಲ್ವರು ಸತ್ತಿದ್ದರೂ ಅದು ಒಂದು ಪ್ರಕರಣ. ಮೃತರ ಸಂಖ್ಯೆ ಬೇರೆ ಕೋಷ್ಟಕದಲ್ಲಿ ಇರುತ್ತದೆ, ಅದನ್ನು ಯಾರೂ ತೆರೆಯುವುದಿಲ್ಲ.

ಬದುಕಿ ಉಳಿದವರ ಲೆಕ್ಕವೂ ಬೇಕು. ಚಾಕು ಇರಿತವಾದ ವ್ಯಕ್ತಿ ಮುಕ್ಕಾಲು ಗಂಟೆಯೊಳಗೆ ರಕ್ತ ಮತ್ತು ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆ ಸೇರಿದರೆ ಅದು 109, ಮೂರು ಗಂಟೆ ದಾರಿಯಲ್ಲೇ ಕಳೆದರೆ 103. ಹಿಂಸೆ ಎರಡೂ ಕಡೆ ಒಂದೇ, ವ್ಯತ್ಯಾಸ ರಸ್ತೆಯದ್ದು. ಕೊಲೆ ಕಡಿಮೆಯಾಗಿದೆ ಎಂದು ಬೀಗುವ ಮೊದಲು 108 ಆಂಬುಲೆನ್ಸ್‌ನ ಪಾಲು ಎಷ್ಟು ಎಂದು ನೋಡಬೇಡವೇ? ಕೊಲೆ ಯತ್ನದ ಅಂಕಿಯನ್ನೊಂದೇ ನಂಬುವಂತೆಯೂ ಇಲ್ಲ. ಆ ಕಲಂ ಹಾಕುವ ಪದ್ಧತಿ ರಾಜ್ಯದಿಂದ ರಾಜ್ಯಕ್ಕೆ ವಿಪರೀತ ಬೇರೆ. ಪಶ್ಚಿಮ ಬಂಗಾಳ ಆ ಪಟ್ಟಿಯಲ್ಲಿ ಮೇಲಿರುವುದಕ್ಕೆ ಅಂಥ ಪದ್ಧತಿಯೂ ಒಂದು ಕಾರಣವಿರಬಹುದು. ಆದ್ದರಿಂದ ಮಾರಕಾಸ್ತ್ರದಿಂದ ತೀವ್ರ ಗಾಯ ಮಾಡಿದ 118(2)ರ ಪ್ರಕರಣಗಳನ್ನೂ ಜೊತೆಗಿಟ್ಟು ನೋಡಬೇಕು.

ಇನ್ನು ಛೇದ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. ರಾಜ್ಯಗಳ ಮಟ್ಟಿಗೆ 2011ರ ಗಣತಿಯ ಮೇಲೆ ಕಟ್ಟಿದ ಅಂದಾಜು ಜನಸಂಖ್ಯೆ ಬಳಸುತ್ತಾರೆ, ಅದು ಒಪ್ಪತಕ್ಕದ್ದೇ. ಮಹಾನಗರಗಳ ಪಟ್ಟಿಗೆ ಬಂದರೆ ನಗರ ಸಮೂಹದ 2011ರ ಜನಸಂಖ್ಯೆಯೇ ಇನ್ನೂ ಛೇದ. ಬೆಂಗಳೂರಿಗೆ 85 ಲಕ್ಷ! ವಿಶ್ವಸಂಸ್ಥೆಯ ಅಂದಾಜಿನಲ್ಲಿ ಈ ನಗರ 1 ಕೋಟಿ 30 ಲಕ್ಷ ದಾಟಿ ಕೆಲವು ವರ್ಷಗಳಾದವು. ಒಂದು ವರ್ಷ 170 ಕೊಲೆ ಆದವು ಎಂದಿಟ್ಟುಕೊಳ್ಳಿ. ಹಳೆಯ ಛೇದದಲ್ಲಿ ಪ್ರಮಾಣ 2.0, ಹೊಸದರಲ್ಲಿ 1.3. ಹೆಚ್ಚು ಬೆಳೆದ ನಗರ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ, ಬೆಳವಣಿಗೆ ನಿಂತ ನಗರ ಸುರಕ್ಷಿತವಾಗಿ ಕಾಣುತ್ತದೆ. ಕೋಲ್ಕತ್ತದ ಛೇದ 141 ಲಕ್ಷ. ಅದು ಹೌರಾ ಮುಂತಾದ ಪಟ್ಟಣಗಳೂ ಸೇರಿದ ಇಡೀ ನಗರ ಸಮೂಹದ ಸಂಖ್ಯೆ. ಪಾಲಿಕೆ ವ್ಯಾಪ್ತಿಯಲ್ಲಿ ಆಗ ಇದ್ದವರು 45 ಲಕ್ಷ. ಆ ಸಮೂಹದೊಳಗೆ ಹಲವು ಪೊಲೀಸ್ ಕಮಿಷನರೇಟ್‌ಗಳಿವೆ. ಅಂಶದಲ್ಲಿ ಯಾವ ಯಾವ ಠಾಣೆ ಸೇರಿವೆ ಎಂದು ಪ್ರತಿ ನಗರಕ್ಕೂ ಅಡಿಟಿಪ್ಪಣಿ ಹಾಕದ ಹೊರತು 'ಸುರಕ್ಷಿತ ನಗರ' ಪಟ್ಟಿಗೆ ಬೆಲೆಯಿಲ್ಲ. ಇದನ್ನು ಎನ್‌ಸಿಆರ್‌ಬಿಗೆ ರಾಜ್ಯದ ಕಡೆಯಿಂದ ಲಿಖಿತವಾಗಿ ಕೇಳಿ.

ಜಿಲ್ಲೆಗಳದ್ದು ಇನ್ನೂ ಗೋಜಲು. ಜಿಲ್ಲಾ ಮಟ್ಟದಲ್ಲಿ ಎನ್‌ಸಿಆರ್‌ಬಿ ಪ್ರಕರಣಗಳ ಸಂಖ್ಯೆ ಕೊಡುತ್ತದೆ, ಪ್ರಮಾಣ ಕೊಡುವುದಿಲ್ಲ. ಪೊಲೀಸ್ ಜಿಲ್ಲೆ ಮತ್ತು ಕಂದಾಯ ಜಿಲ್ಲೆ ಒಂದೇ ಅಲ್ಲ: ಕೆಜಿಎಫ್ ಪ್ರತ್ಯೇಕ ಪೊಲೀಸ್ ಜಿಲ್ಲೆ, ಕಂದಾಯದಲ್ಲಿ ಕೋಲಾರಕ್ಕೆ ಸೇರಿದ್ದು. ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿ, ಹುಬ್ಬಳ್ಳಿ-ಧಾರವಾಡಗಳಲ್ಲಿ ಕಮಿಷನರೇಟ್ ಬೇರೆ, ಜಿಲ್ಲಾ ಪೊಲೀಸ್ ಬೇರೆ. ಬಳ್ಳಾರಿಯಿಂದ ವಿಜಯನಗರ 2021ರಲ್ಲಿ ಬೇರ್ಪಟ್ಟಿತು. ಹಿಂದಿನ ವರ್ಷಗಳ ಅಂಕಿಯನ್ನು ಮರುಹಂಚದಿದ್ದರೆ ಬಳ್ಳಾರಿಯಲ್ಲಿ ಒಮ್ಮೆಲೇ ಶಾಂತಿ ನೆಲೆಸಿದಂತೆ ಕಾಣುತ್ತದೆ. ರೈಲ್ವೆ ಪೊಲೀಸರ ಪ್ರಕರಣಗಳು ಮತ್ತೊಂದು ಘಟಕ, ಅದಕ್ಕೆ ಜನಸಂಖ್ಯೆಯೇ ಇಲ್ಲ. ಈಗ ಘೋಷಣೆಯಾಗಿರುವ ಜನಗಣತಿ 2027ರದ್ದು. ಗಣತಿಯ ಗ್ರಾಮ ಮತ್ತು ವಾರ್ಡ್ ಸಂಕೇತಗಳನ್ನು ಠಾಣಾ ಸರಹದ್ದಿನ ಜೊತೆ ಒಮ್ಮೆ ಹೊಂದಿಸಿಟ್ಟರೆ ಈ ಗೊಂದಲ ಮುಂದಿನ ಹತ್ತು ವರ್ಷಕ್ಕೆ ತೀರುತ್ತದೆ. ಪ್ರತಿ ಠಾಣೆಯಲ್ಲೂ ಸರಹದ್ದಿನ ಹಳ್ಳಿಗಳ ಪಟ್ಟಿ ಗೋಡೆ ಮೇಲೇ ಇರುತ್ತದೆ. ಬೇಕಾಗಿರುವುದು ಅದನ್ನು ಗಣಕಕ್ಕೆ ಏರಿಸುವ ಒಂದು ಆದೇಶ.

ಇಷ್ಟೆಲ್ಲ ಸರಿಯಾದ ಮೇಲೂ ಸಣ್ಣ ಸಂಖ್ಯೆಗಳ ತೊಡಕು ಉಳಿಯುತ್ತದೆ. ಲಕ್ಷದ್ವೀಪದ ಜನಸಂಖ್ಯೆ 2011ರಲ್ಲಿ 64,473. ಅಲ್ಲಿ ವರ್ಷವಿಡೀ ಕೊಲೆ ಆಗದಿದ್ದರೆ ದೇಶದಲ್ಲೇ ಸುರಕ್ಷಿತ. ಒಂದಾದರೆ ಪ್ರಮಾಣ 1.6, ಉತ್ತರ ಪ್ರದೇಶದ ಆಸುಪಾಸು. ಎರಡಾದರೆ 3.1, ಹರಿಯಾಣದ ಹತ್ತಿರ. ನಮ್ಮ ಕೊಡಗಿನ ಜನಸಂಖ್ಯೆ ಅದೇ ಗಣತಿಯಲ್ಲಿ 5.54 ಲಕ್ಷ. ಅಲ್ಲಿ ಒಂದು ವರ್ಷ 10 ಕೊಲೆಯಾದವು ಎಂದುಕೊಳ್ಳೋಣ, ಪ್ರಮಾಣ 1.8. ಆದರೆ 10 ಎಂಬ ಎಣಿಕೆಯ ಹಿಂದಿನ ನಿಜವಾದ ಮಟ್ಟ, ಶೇ 95ರ ಭರವಸೆಯಲ್ಲಿ ಹೇಳುವುದಾದರೆ, 4.8ರಿಂದ 18.4ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಪ್ರಮಾಣಕ್ಕೆ ಇಳಿಸಿದರೆ 0.9ರಿಂದ 3.3. ಮುಂದಿನ ವರ್ಷ 14 ಆದರೆ 'ಶೇ 40 ಏರಿಕೆ' ಎಂಬ ತಲೆಬರಹ ಬರುತ್ತದೆ, ಎಸ್‌ಪಿಯವರಿಗೆ ಮೇಲಿನಿಂದ ಪ್ರಶ್ನೆ ಬರುತ್ತದೆ. ನಿಜದಲ್ಲಿ ಏನೂ ಬದಲಾಗದೇ ಇರಬಹುದು. ಐದು ವರ್ಷದ ಪ್ರಕರಣಗಳನ್ನು ಒಟ್ಟುಗೂಡಿಸಿ, ಐದು ವರ್ಷದ ಜನಸಂಖ್ಯೆಯಿಂದ ಭಾಗಿಸಿ, ಪಕ್ಕದಲ್ಲಿ ಈ ಕನಿಷ್ಠ-ಗರಿಷ್ಠ ವ್ಯಾಪ್ತಿಯನ್ನೂ ಮುದ್ರಿಸುವುದು ಯಾವ ಸಾಫ್ಟ್‌ವೇರೂ ಬೇಡದ ಕೆಲಸ. ಎರಡು ಜಿಲ್ಲೆಗಳ ಇಂಥ ವ್ಯಾಪ್ತಿಗಳು ಒಂದರ ಮೇಲೊಂದು ಹೆಚ್ಚಾಗಿ ಬೀಳುತ್ತಿದ್ದರೆ ಅವಕ್ಕೆ ಬೇರೆ ಬೇರೆ ಕ್ರಮಾಂಕ ಕೊಡಲೇಬಾರದು.

ವಯಸ್ಸಿನ ವಿಷಯ ಚುಟುಕಾಗಿ. ಕೊಲ್ಲುವವರೂ ಸಾಯುವವರೂ ಬಹುತೇಕ ಯುವಕರು, ನಡುವಯಸ್ಸಿನವರು. 2021ರ ಅಂದಾಜಿನಲ್ಲಿ ಕೇರಳದಲ್ಲಿ 60 ದಾಟಿದವರು ಶೇ 16.5, ಬಿಹಾರದಲ್ಲಿ ಶೇ 7.7. ವಯೋಮಾನ ಸರಿದೂಗಿಸದೆ ಇಂಥ ಎರಡು ರಾಜ್ಯ ಹೋಲಿಸಿದರೆ ಅಂತರದ ಒಂದು ಪಾಲು ಬರೀ ವಯಸ್ಸಿನದ್ದು. ದಕ್ಷಿಣ ಕನ್ನಡ ಮತ್ತು ಯಾದಗಿರಿಯನ್ನು ಹೋಲಿಸುವಾಗಲೂ ಇದೇ ಎಚ್ಚರ ಬೇಕು.

ಲೆಕ್ಕ ಸರಿಪಡಿಸುವುದು ಯಾರ ಮಾನ ಉಳಿಸಲೂ ಅಲ್ಲ. ಎಲ್ಲಿ, ಯಾಕೆ ಕೊಲೆಯಾಗುತ್ತದೆ ಎಂದು ತಿಳಿದರೆ ತಡೆಯುವ ದಾರಿ ಕಾಣುತ್ತದೆ. 2022ರ 28,522 ಪ್ರಕರಣಗಳಲ್ಲಿ 9,962ಕ್ಕೆ ಕಾರಣ 'ವ್ಯಾಜ್ಯ', 3,761ಕ್ಕೆ ವೈಷಮ್ಯ, 1,884ಕ್ಕೆ ಲಾಭದ ಆಸೆ. ಸಿನಿಮಾಗಳಲ್ಲಿ ಕಾಣುವ ಹಣಕ್ಕಾಗಿನ ಕೊಲೆ ಹದಿನೈದರಲ್ಲಿ ಒಂದು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕೊಲೆ ಪರಿಚಿತರ ನಡುವಿನ ತಕರಾರು: ಜಮೀನು, ಮನೆ, ಸಾಲ, ಕ್ಷುಲ್ಲಕ ಜಗಳ. ಅಂಥ ತಕರಾರುಗಳು ಕೊಲೆಗೆ ಮೊದಲು ಸರ್ಕಾರಿ ಕಚೇರಿಗಳಲ್ಲಿ ಹೆಜ್ಜೆ ಗುರುತು ಬಿಟ್ಟಿರುತ್ತವೆ. ಪೋಡಿ (ಅಳೆದು ಪಾಲು ಬೇರ್ಪಡಿಸುವುದು) ಆಗದ ಸರ್ವೆ ನಂಬರ್, ವರ್ಷಗಟ್ಟಲೆ ಬಾಕಿ ಇರುವ ಹದ್ದುಬಸ್ತು (ಗಡಿ ಗುರುತಿಸುವ) ಅರ್ಜಿ, ಠಾಣೆಯಲ್ಲಿ ಹಿಂಬರಹ ಕೊಟ್ಟು ಸಾಗಹಾಕಿದ ದೂರು. ಒಂದು ತಾಲ್ಲೂಕಿನ ಐದು ವರ್ಷದ ಕೊಲೆಗಳಲ್ಲಿ ಅರ್ಧ ಹೊಲದ ಬದುವಿನ ಜಗಳದಿಂದ ಆಗಿದ್ದರೆ ಅಲ್ಲಿಗೆ ಬೇಕಾದದ್ದು ಭೂಮಾಪಕರು ಮತ್ತು ನಾಗರಿಕ ಸುರಕ್ಷಾ ಸಂಹಿತೆಯ 126, 164ರಡಿ ತಹಶೀಲ್ದಾರರ ಸಕಾಲಿಕ ಕ್ರಮ. ನಗರದ ಒಂದು ಉಪವಿಭಾಗದಲ್ಲಿ ರೌಡಿ ಗುಂಪುಗಳ ವೈಷಮ್ಯವಾದರೆ 129ರಡಿ ಮುಚ್ಚಳಿಕೆ, ಜಾಮೀನು ಷರತ್ತುಗಳ ಮೇಲೆ ನಿಗಾ. ಜಾರ್ಖಂಡ್ ಮಾಟಗಾತಿ ಹಣೆಪಟ್ಟಿಯ ವಿರುದ್ಧ 2001ರಲ್ಲೇ ಪ್ರತ್ಯೇಕ ಕಾಯ್ದೆ ತಂದದ್ದು ಅಲ್ಲಿನ ಹಿಂಸೆಗೆ ಅದೂ ಒಂದು ಕಾರಣವೆಂದು ಗುರುತಿಸಿದ್ದರಿಂದ. 'ವ್ಯಾಜ್ಯ' ಮತ್ತು 'ಇತರೆ' ಎಂಬ ಎರಡು ಗೋಣಿಚೀಲಗಳಲ್ಲಿ ಎಲ್ಲವನ್ನೂ ತುಂಬಿಟ್ಟರೆ ಇದ್ಯಾವುದೂ ಕಾಣುವುದಿಲ್ಲ.

ಆದ್ದರಿಂದ ನಮ್ಮ ಕೋರಿಕೆಗಳು.

ಪ್ರತಿ ವರ್ಷದ ಠಾಣಾವಾರು ಕೋಷ್ಟಕವನ್ನು ಮುಂದಿನ ಮಾರ್ಚ್ 31ರೊಳಗೆ ರಾಜ್ಯವೇ ಪ್ರಕಟಿಸಲಿ. 2023ರ ರಾಷ್ಟ್ರೀಯ ವರದಿ ಬಂದದ್ದು 2025ರ ಸೆಪ್ಟೆಂಬರ್ ಕೊನೆಗೆ. ಅಷ್ಟು ಕಾದರೆ ಅಂಕಿ ಚರಿತ್ರೆಯಾಗಿರುತ್ತದೆ. ಕಲಂ 103, 105, 80, 109 ಮತ್ತು 118(2) ಪಕ್ಕಪಕ್ಕ ಇರಲಿ, ಪ್ರಕರಣ ಮತ್ತು ಮೃತರ ಸಂಖ್ಯೆ ಎರಡೂ ಇರಲಿ, ಸಾವಿನ ದಿನಾಂಕವೂ ಇರಲಿ. 2024ರ ಜುಲೈ 1ಕ್ಕೆ ಮೊದಲು ನಡೆದ ಕೃತ್ಯಗಳು ಈಗ ಬೆಳಕಿಗೆ ಬಂದರೂ ಐಪಿಸಿಯಡಿಯೇ ದಾಖಲಾಗುತ್ತವೆ. ಹೊಸ ಮತ್ತು ಹಳೆಯ ಕಲಂಗಳನ್ನು ಕೂಡಿಸದಿದ್ದರೆ ಕೊಲೆ ಇಳಿದಂತೆ ತೋರುತ್ತದೆ, ಈ ಎಚ್ಚರಿಕೆ ಕೋಷ್ಟಕದ ಮೇಲೆಯೇ ಮುದ್ರಿತವಾಗಲಿ.

ಪ್ರತಿ ಕೋಷ್ಟಕವನ್ನು ಮೂರು ವರ್ಷದವರೆಗೆ ತಿದ್ದಲು ಅವಕಾಶವಿರಲಿ. ಯುಡಿಆರ್‌ನಿಂದ ಕೊಲೆಯಾಗಿ ಬದಲಾದವು, ಯತ್ನದಿಂದ ಕೊಲೆಯಾದವು, 'ಬಿ' ರಿಪೋರ್ಟ್ ಆಗಿ ಕೈಬಿಟ್ಟವು ಎಷ್ಟು ಎಂದು ಪ್ರತ್ಯೇಕವಾಗಿ ತೋರಿಸಿ. ಅಭಿಪ್ರಾಯ ಕಾಯ್ದಿರಿಸಿ ಆರು ತಿಂಗಳು ದಾಟಿದ ಯುಡಿಆರ್‌ಗಳ ಪಟ್ಟಿ ಪ್ರತಿ ತಿಂಗಳ ಅಪರಾಧ ಪರಿಶೀಲನಾ ಸಭೆಗೆ ಬರಲಿ. ಎಫ್‌ಎಸ್‌ಎಲ್ ವರದಿ ತಲುಪಿದ ದಿನವೇ ಪೊಲೀಸರ ಗಣಕ ಜಾಲವಾದ ಸಿಸಿಟಿಎನ್‌ಎಸ್‌ನಲ್ಲಿ ತನಿಖಾಧಿಕಾರಿಗೂ ಡಿವೈಎಸ್‌ಪಿಗೂ ಎಚ್ಚರಿಕೆ ಹೋಗುವಂತಾಗಲಿ.

ಹೆಣ್ಣುಮಕ್ಕಳ, ಮಕ್ಕಳ ಮತ್ತು ಗುರುತು ಸಿಗದವರ ಅಸಹಜ ಸಾವುಗಳಿಗಾದರೂ ವಿಧಿವಿಜ್ಞಾನ ತಂಡದ ಭೇಟಿಯನ್ನು ಸುತ್ತೋಲೆಯ ಮೂಲಕ ಕಡ್ಡಾಯ ಮಾಡಿ. ಇದಕ್ಕೆ ಸಂಸತ್ತಿನ ತಿದ್ದುಪಡಿ ಬೇಕಿಲ್ಲ.

ಕಡೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಕೊಲೆಗಳ ಸಂಖ್ಯೆಯನ್ನು ಎಸ್‌ಪಿ ಮತ್ತು ಠಾಣಾಧಿಕಾರಿಗಳ ಸಾಧನೆಯ ಅಳತೆಗೋಲಾಗಿ ಬಳಸುವುದನ್ನು ನಿಲ್ಲಿಸಿ. ಸಂಖ್ಯೆ ಏರಿದರೆ ಮೆಮೊ ಬರುತ್ತದೆ ಎಂದು ಗೊತ್ತಿರುವ ಅಧಿಕಾರಿಗೆ ಅನುಮಾನದ ಸಾವನ್ನು ಯುಡಿಆರ್‌ನಲ್ಲೇ ಉಳಿಸಲು, 103ರ ಬದಲು 105 ಬರೆಯಲು ನಾವೇ ಕಾರಣ ಕೊಟ್ಟಂತಾಗುತ್ತದೆ. ಅಳೆಯುವುದಿದ್ದರೆ ಯುಡಿಆರ್ ಎಷ್ಟು ದಿನದಲ್ಲಿ ಇತ್ಯರ್ಥವಾಯಿತು, ಕೊಲೆಗೆ ಮೊದಲು ಬಂದಿದ್ದ ದೂರಿನ ಮೇಲೆ ಏನು ಕ್ರಮವಾಗಿತ್ತು ಎಂಬುದನ್ನು ಅಳೆಯಿರಿ.

ಇವುಗಳಲ್ಲಿ ಯಾವುದನ್ನು, ಯಾವ ದಿನಾಂಕದೊಳಗೆ ಜಾರಿಗೊಳಿಸುತ್ತೀರಿ, ಯಾವುದು ಆಗದು ಮತ್ತು ಯಾಕೆ ಆಗದು ಎಂಬ ಬಗ್ಗೆ ಸದನದ ಮುಂದಿನ ಅಧಿವೇಶನದಲ್ಲಿ ಲಿಖಿತ ಹೇಳಿಕೆ ಮಂಡಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಅಪರಾಧ ಅಂಕಿಅಂಶ ಮತ್ತು ವಿಧಿವಿಜ್ಞಾನ ಕ್ಷೇತ್ರದಲ್ಲಿ ಕೆಲಸ ಮಾಡುವ ನಾಗರಿಕರು